ಕೋಡಿ ಬಿದ್ದ ಹಾಲು

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಂಬ್ಲಿಗೊಳದ ಜಲಾಶಯ ತುಂಬಿ ಕೋಡಿ ಹರಿಯುತ್ತಿತ್ತು. ಶಿಕಾರಿಪುರ, ಸೊರಬದ ಕಡೆಯವರಿಗೆ ಕೋಡಿ ಬೀಳುವುದೆಂದರೆ ಸಣ್ಣ ಹಬ್ಬವೇ. ಬೈಕು ಹತ್ತಿ ಮಕ್ಕಳು ಮರಿ ಸಮೇತ ಜನ ನೋಡಲು ಬರುತ್ತಾರೆ. ಅದೇ ಸಂಜೆ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಮಿಶ್ರತಳಿಯ ಹಸು ಕರು ಹಾಕಿತು. ಗಂಡುಕರು. ಹೆಣ್ಣಾಗಿದ್ದರೆ ಗಿಣ್ಣು ಕಾಯಿಸುವ ಸಂಭ್ರಮವೇ ಬೇರೆಯಿರುತ್ತಿತ್ತು. ಅವತ್ತು ಯಾರೂ ಹೆಚ್ಚು ಮಾತಾಡಲಿಲ್ಲ. ಚಿಕ್ಕಮ್ಮ ಇನ್ನೊಂದು ಹಸುವಿನ ಹಾಲನ್ನು ಕ್ಯಾನಿಗೆ ಸುರಿದುಕೊಂಡು ಡೇರಿಯ ಕಡೆ ಹೊರಟರು.

ಚಿಕ್ಕಪ್ಪ ಜಗಲಿಯಲ್ಲಿ ಕೂತು ನನ್ನ ಪಿಎಚ್.ಡಿ. ಎಲ್ಲಿಗೆ ಬಂತೆಂದು ವಿಚಾರಿಸಿದರು. ಯುರೋಪಿನವರು ತಮ್ಮ ರೈತರನ್ನು ಉಳಿಸಿಕೊಳ್ಳಲು ಹೊರದೇಶದ ದನದ ಮಾಂಸ, ಹಾಲು, ಬೆಣ್ಣೆ ಎಷ್ಟು ಒಳಬರಬೇಕು ಎಂದು ಹೇಗೆ ಲೆಕ್ಕ ಕಟ್ಟಿದರು ಎನ್ನುವ ಅಧ್ಯಾಯ ಬರೆಯುತ್ತಿದ್ದೇನೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲ ಕಣೆ, ಅವರ ದನಕ್ಕೂ ನಮ್ಮ ದನಕ್ಕೂ ಏನು ಸಂಬಂಧ?” ಎಂದರು.

ನನ್ನ ಹಾಸ್ಟೆಲಿನ ಖರ್ಚು ಎಷ್ಟೋ ಸಲ ಚಿಕ್ಕಮ್ಮನ ಡೇರಿ ಬಟವಾಡೆಯಿಂದ ಬಂದದ್ದು. ಹಾಗಾಗಿ ಈ ಪ್ರಶ್ನೆಗೆ ಉತ್ತರ ಕೊಡುವ ಸಾಲ ನನ್ನ ಮೇಲಿದೆ. ಈ ಬರಹ ಅದರ ಪ್ರಯತ್ನ.

ಕಥೆ ಶುರುವಾಗುವುದು ಹಸಿವಿನಿಂದ. 1944–45ರ ಚಳಿಗಾಲದಲ್ಲಿ ಜರ್ಮನ್ನರ ವಶದಲ್ಲಿದ್ದ ನೆದರ್ಲ್ಯಾಂಡಿನ ಪಟ್ಟಣಗಳಲ್ಲಿ ಜನ ಅನ್ನವಿಲ್ಲದೆ ಸತ್ತರು. ಟುಲಿಪ್ ಗೆಡ್ಡೆಗಳನ್ನು ಬೇಯಿಸಿ ತಿಂದರು. ಯುದ್ಧ ಮುಗಿದ ಮೇಲೆ ಆ ದೇಶದ ಕೃಷಿ ಮಂತ್ರಿಯಾದವರು ಸಿಕ್ಕೊ ಮಾನ್ಸ್‌ಹೋಲ್ಟ್, ಸ್ವತಃ ರೈತ. 1957ರ ರೋಮ್ ಒಪ್ಪಂದದಿಂದ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲ್ಯಾಂಡ್ ಮತ್ತು ಲಕ್ಸೆಂಬರ್ಗ್ ಸೇರಿ ಯುರೋಪಿಯನ್ ಆರ್ಥಿಕ ಸಮುದಾಯ ಕಟ್ಟಿಕೊಂಡಾಗ ಅದರ ಕೃಷಿಯ ಹೊಣೆಯೂ ಮಾನ್ಸ್‌ಹೋಲ್ಟ್ ಅವರಿಗೇ ಬಂತು. ಇನ್ನೆಂದೂ ಯುರೋಪು ಉಪವಾಸ ಮಲಗಬಾರದು, ರೈತನಿಗೆ ಬದುಕುವಷ್ಟು ಬೆಲೆ ಸಿಗಬೇಕು ಎನ್ನುವುದು ಆಶಯ. 1962ರಿಂದ ಜಾರಿಗೆ ಬಂದ ಸಾಮಾನ್ಯ ಕೃಷಿ ನೀತಿ ಇದರ ಮೇಲೆ ನಿಂತಿತು.

ಆ ನೀತಿ ಕೆಲಸ ಮಾಡುತ್ತಿದ್ದ ರೀತಿ ಸರಳ. ಒಳಗೆ ಒಂದು ಬೆಲೆ ಗೊತ್ತುಮಾಡುವುದು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಕುಸಿದರೆ ಸರ್ಕಾರವೇ ಕೊಂಡು ಗೋದಾಮಿಗೆ ತುಂಬುವುದು. ಹೊರಗಿನ ಮಾಲು ಅಗ್ಗವಾಗಿ ಬಂದರೆ ಗಡಿಯಲ್ಲೇ ಆ ವ್ಯತ್ಯಾಸದಷ್ಟು ತೆರಿಗೆ ಹಾಕುವುದು. ಹೊರಗೆ ಬೆಲೆ ಇಳಿದಷ್ಟೂ ತೆರಿಗೆ ಏರುತ್ತದೆ. ಎಷ್ಟೇ ಅಗ್ಗ ತಂದರೂ ಹೊಸ್ತಿಲು ದಾಟುವಾಗ ಎಲ್ಲ ಒಂದೇ ಎತ್ತರ. 1968ರ ಜೂನಿನಲ್ಲಿ ಹಾಲಿಗೊಂದು, ದನದ ಮಾಂಸಕ್ಕೊಂದು ನಿಯಮ ಒಟ್ಟಿಗೇ ಬಂದವು. ಮಾಂಸಕ್ಕೆ ಶೇ. 20ರ ಸುಂಕ, ಅದರ ಮೇಲೆ ಈ ಏರಿಳಿಯುವ ತೆರಿಗೆ.

ಎರಡೂ ಒಟ್ಟಿಗೇ ಬಂದದ್ದಕ್ಕೆ ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇದೆ. ಹಾಲು ಬೇಕಾದರೆ ಹಸು ಕರು ಹಾಕಲೇಬೇಕು. ಹಾಕಿದ ಕರುಗಳಲ್ಲಿ ಅರ್ಧ ಗಂಡು. ಯುರೋಪಿನಲ್ಲಿ ಆ ಗಂಡುಕರುಗಳೂ, ಹಾಲು ಬತ್ತಿದ ಹಸುಗಳೂ ಮಾಂಸದ ಅಂಗಡಿಗೇ ಹೋಗುತ್ತವೆ. ಹಾಲಿನ ಬೆಲೆ ಹೆಚ್ಚಿಸಿದರೆ ಕೆಲವೇ ವರ್ಷಗಳಲ್ಲಿ ಮಾಂಸವೂ ಹೆಚ್ಚುತ್ತದೆ. ಒಂದು ಕೆರೆಗೆ ಎರಡು ತೂಬು.

ಕೆರೆ ಬೇಗ ತುಂಬಿತು. 1974ರ ಹೊತ್ತಿಗೆ ಮಾಂಸ ಎಷ್ಟು ಹೆಚ್ಚಾಯಿತೆಂದರೆ ಆ ವರ್ಷದ ಜುಲೈನಲ್ಲಿ ಸಮುದಾಯ ಹೊರಗಿನ ದನದ ಮಾಂಸಕ್ಕೆ ಬಾಗಿಲನ್ನೇ ಮುಚ್ಚಿತು. ಅರ್ಜೆಂಟೀನಾ, ಉರುಗ್ವೆ, ಆಸ್ಟ್ರೇಲಿಯಾಗಳ ಪಶುಪಾಲಕರಿಗೆ ಪೆಟ್ಟು ಬಿತ್ತು. 1977ರಲ್ಲಿ ತೆರೆದಾಗಲೂ ಅದು ಅಳತೆಯ ಬಾಗಿಲು. ಇಂತಿಷ್ಟು ಟನ್ ಕಡಿಮೆ ಸುಂಕದಲ್ಲಿ ಬರಬಹುದು, ಅದಕ್ಕಿಂತ ಹೆಚ್ಚಾದರೆ ಸುಂಕ ಹೊರಲಾರದಷ್ಟು. ಇದೇ ಕೋಟಾ. 1979ರಲ್ಲಿ ಮುಗಿದ ಟೋಕಿಯೊ ಸುತ್ತಿನ ಮಾತುಕತೆಯಿಂದ ಹುಟ್ಟಿದ ‘ಹಿಲ್ಟನ್ ಕೋಟಾ’ದಲ್ಲಿ ಇವತ್ತಿಗೂ ದೊಡ್ಡ ಪಾಲು ಅರ್ಜೆಂಟೀನಾದ್ದು, ವರ್ಷಕ್ಕೆ ಸುಮಾರು 29 ಸಾವಿರ ಟನ್.

ಕೋಟಾ ಎನ್ನುವುದು ಕಾಗದದ ಮೇಲಿನ ಅಂಕಿಯಂತೆ ಕಾಣುತ್ತದೆ. ಅದು ನೆಲದ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಬೋಟ್ಸ್ವಾನಾವನ್ನು ನೋಡಬೇಕು. 1975ರ ಲೋಮೆ ಒಪ್ಪಂದದಲ್ಲಿ ಯುರೋಪು ತನ್ನ ಹಳೆಯ ವಸಾಹತುಗಳಿಗೆ ರಿಯಾಯಿತಿ ಕೊಟ್ಟಾಗ ಆ ಪುಟ್ಟ ಜನಸಂಖ್ಯೆಯ ದೇಶಕ್ಕೆ ಮಾಂಸದ ಪಾಲು ಸಿಕ್ಕಿತು. ಒಳ್ಳೆಯ ಬೆಲೆ. ಆದರೆ ಕಾಲುಬಾಯಿ ಜ್ವರದ ಸೋಂಕಿಲ್ಲದ ದನವೇ ಆಗಬೇಕೆಂಬ ಷರತ್ತು. ಕಾಡುಪ್ರಾಣಿಗಳಿಂದ ದನಗಳಿಗೆ ರೋಗ ತಗಲದಂತೆ ಕಲಹಾರಿಯಲ್ಲಿ ನೂರಾರು ಕಿಲೋಮೀಟರು ತಂತಿಬೇಲಿಗಳಿದ್ದವು. ಕೆಲವು ಯುರೋಪಿನ ಕೋಟಾಕ್ಕಿಂತ ಹಳೆಯವು; ಕೋಟಾ ಅವನ್ನು ಗಟ್ಟಿ ಮಾಡಿತು. 1980ರ ದಶಕದ ಬರಗಾಲದಲ್ಲಿ ನೀರು ಹುಡುಕಿ ಹೊರಟ ಸಾವಿರಾರು ವೈಲ್ಡ್‌ಬೀಸ್ಟ್‌ಗಳು ಆ ಬೇಲಿಗಳ ಬುಡದಲ್ಲಿ ಸತ್ತುಬಿದ್ದವು. ಬ್ರಸೆಲ್ಸಿನಲ್ಲಿ ಬರೆದ ಒಂದು ಷರತ್ತು ಮರುಭೂಮಿಯ ಪ್ರಾಣಿಯ ದಾರಿಯನ್ನು ಕಟ್ಟಿಹಾಕಿತು.

ಹಾಲಿನ ಕಡೆ ಇನ್ನೊಂದು ಬಗೆಯ ಕಷ್ಟ. ಖಾತ್ರಿ ಬೆಲೆಯಿದ್ದಾಗ ರೈತ ಯಾಕೆ ಕಡಿಮೆ ಕರೆಯುತ್ತಾನೆ? ಗೋದಾಮುಗಳಲ್ಲಿ ಬೆಣ್ಣೆ, ಹಾಲಿನ ಪುಡಿ ರಾಶಿ ಬಿದ್ದವು. ಪತ್ರಿಕೆಗಳು ‘ಬೆಣ್ಣೆಯ ಬೆಟ್ಟ’ ಎಂದು ಗೇಲಿ ಮಾಡಿದವು. ತಾವೇ ಕಟ್ಟಿದ ವ್ಯವಸ್ಥೆ ಕೈಮೀರುತ್ತಿರುವುದನ್ನು ಮೊದಲು ಕಂಡವರೂ ಮಾನ್ಸ್‌ಹೋಲ್ಟ್ ಅವರೇ. 1968ರ ಡಿಸೆಂಬರಿನಲ್ಲಿ ಅವರು ಮುಂದಿಟ್ಟ ಯೋಜನೆಯ ಪ್ರಕಾರ ಹಸುಗಳ ಸಂಖ್ಯೆ ಇಳಿಯಬೇಕು, ಲಕ್ಷಾಂತರ ಸಣ್ಣ ರೈತರು ಬೇಸಾಯ ಬಿಡಬೇಕು. ರೈತರು ಕೆರಳಿದರು. 1971ರ ಫೆಬ್ರವರಿಯಲ್ಲಿ ಕೆಲವರು ಬ್ರಸೆಲ್ಸಿನಲ್ಲಿ ಮಂತ್ರಿಗಳ ಸಭೆ ನಡೆಯುತ್ತಿದ್ದ ಕಟ್ಟಡದೊಳಕ್ಕೇ ಹಸುಗಳನ್ನು ಹೊಡೆದುಕೊಂಡು ಹೋದರು. ಮರುತಿಂಗಳು ಲಕ್ಷದಷ್ಟು ರೈತರು ಬೀದಿಗಿಳಿದರು. ಗಲಭೆಯಲ್ಲಿ ಒಬ್ಬ ರೈತ ಸತ್ತ. ಹಾಲು ಕರೆಯುವುದನ್ನು ಕಡಿಮೆ ಮಾಡಿಸುವ ಧೈರ್ಯ ಯಾರಿಗೂ ಬರಲಿಲ್ಲ. 1984ರಲ್ಲಿ ಪ್ರತಿ ದೇಶಕ್ಕೂ ಹಾಲಿನ ಮಿತಿ ಹೇರುವವರೆಗೆ ಬೆಟ್ಟ ಬೆಳೆಯುತ್ತಲೇ ಹೋಯಿತು. ಆ ಮಿತಿ ಎದ್ದದ್ದು 2015ರಲ್ಲಿ.

ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರಲೇಬೇಕು. ಕೆರೆಗಳಿಗೆ ಹೆಸರಾದ ಸೊರಬದಲ್ಲಿ ಇದನ್ನು ಯಾರಿಗೂ ವಿವರಿಸಬೇಕಿಲ್ಲ. ಕೆಳಗಿನವರ ಕಾಲುವೆ ಸರಿಯಿದ್ದರೆ ಅದು ವರ, ಇಲ್ಲದಿದ್ದರೆ ಗದ್ದೆಯ ಬದು ಕೊಚ್ಚಿಹೋಗುತ್ತದೆ. ಯುರೋಪಿನ ಹಾಲು ಹರಿದು ಬರಬಹುದಾಗಿದ್ದ ತಗ್ಗುಗಳಲ್ಲಿ ಭಾರತ ದೊಡ್ಡದು. ಆಗ ನಮ್ಮ ಮಹಾನಗರಗಳ ಡೇರಿಗಳು ನಡೆಯುತ್ತಿದ್ದುದೇ ಆಮದು ಪುಡಿಯಿಂದ. ಪುಡಿ ಅಗ್ಗವಾಗಿ ಸಿಗುವಾಗ ಹಳ್ಳಿಯ ಹಾಲನ್ನು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವವರು ಯಾರು?

ಈ ಅಪಾಯವನ್ನು ಆನಂದ್‌ನಲ್ಲಿದ್ದ ವರ್ಗೀಸ್ ಕುರಿಯನ್ ಚೆನ್ನಾಗಿ ಅರಿತಿದ್ದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಲ್ಲಿನ ಹಳ್ಳಿಯೊಂದರಲ್ಲಿ ರಾತ್ರಿ ಉಳಿದು ಸಹಕಾರ ಸಂಘದ ಕೆಲಸ ಕಂಡಿದ್ದರು. ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಹುಟ್ಟಿತ್ತು. ಮಂಡಳಿಗೆ ಕೆಲಸವಿತ್ತು, ಹಣವಿರಲಿಲ್ಲ. ಯುರೋಪಿನ ಹೆಚ್ಚುವರಿ ಇಂದಲ್ಲ ನಾಳೆ ಇಲ್ಲಿಗೆ ಬರುವುದೇ. ಅದು ನಮ್ಮನ್ನು ಮುಳುಗಿಸುವ ಮೊದಲು ನಾವೇ ಕಾಲುವೆ ತೋಡಿ ಬರಮಾಡಿಕೊಳ್ಳೋಣ ಎಂಬುದು ಅವರ ಲೆಕ್ಕ. ವಿಶ್ವ ಆಹಾರ ಕಾರ್ಯಕ್ರಮದ ಮೂಲಕ 1,26,000 ಟನ್ ಕೆನೆರಹಿತ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ದಾನವಾಗಿ ಬರುವುದೆಂದು ಗೊತ್ತಾಯಿತು. 1970ರಲ್ಲಿ ‘ಆಪರೇಷನ್ ಫ್ಲಡ್’ ಶುರುವಾಯಿತು. ಹೆಸರಲ್ಲೇ ಪ್ರವಾಹವಿದೆ.

ಇಲ್ಲಿಯ ಜಾಣ್ಮೆ ಒಂದೇ ಒಂದು ಷರತ್ತಿನಲ್ಲಿದೆ. ದಾನದ ಪುಡಿಯನ್ನು ದಾನದ ಬೆಲೆಗೆ ಮಾರಲಿಲ್ಲ. ನಗರದ ಡೇರಿಗಳಿಗೆ ಕೊಡುವಾಗ ದೇಶೀ ಹಾಲಿಗೆ ಬೀಳುವ ಬೆಲೆಗೆ ಸರಿಸಮ ಮಾಡಿ ಕೊಟ್ಟರು. ಹಾಗಾಗಿ ಪುಡಿ ಹಳ್ಳಿಯ ಹಾಲನ್ನು ಕೊಲ್ಲಲಿಲ್ಲ. ಮಾರಿದ ಹಣ ಹಳ್ಳಿಯ ಸಂಘ, ಶೀತಲ ಕೇಂದ್ರ, ಟ್ಯಾಂಕರು, ಪಶು ಆಹಾರಗಳಿಗೆ ಬಂಡವಾಳವಾಯಿತು. ಮೊದಲ ಹಂತದಲ್ಲಿ 18 ಹಾಲು ಪ್ರದೇಶಗಳನ್ನು ದೆಹಲಿ, ಮುಂಬಯಿ, ಕಲ್ಕತ್ತಾ, ಮದ್ರಾಸುಗಳಿಗೆ ಜೋಡಿಸಿದರು.

ಈ ಕಥೆಯನ್ನು ವಿಜಯಗಾಥೆಯಾಗಿ ಹೇಳುವುದು ಸುಲಭ. ಆಗಲೇ ಎಲ್ಲರೂ ಒಪ್ಪಿರಲಿಲ್ಲ. 1983ರಲ್ಲಿ ಕ್ಲಾಡ್ ಆಲ್ವಾರಿಸ್ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಇದನ್ನು ಬಿಳಿ ಸುಳ್ಳೆಂದು ಕರೆದರು. ಹಳ್ಳಿಯ ಮಕ್ಕಳ ಬಾಯಿಂದ ಹಾಲು ಪೇಟೆಗೆ ಹೋಗುತ್ತಿಲ್ಲವೇ, ವಿದೇಶಿ ಪುಡಿಯ ಚಟ ಹತ್ತುತ್ತಿಲ್ಲವೇ ಎಂಬ ಪ್ರಶ್ನೆಗಳೆದ್ದವು. 1985ರ ತಮ್ಮ ಪುಸ್ತಕದಲ್ಲಿ ಶಾಂತಿ ಜಾರ್ಜ್ ಕೇಳಿದ್ದು ನನಗೆ ಇನ್ನೂ ಆಳದ ಪ್ರಶ್ನೆ. ಯುರೋಪಿನ ಹಸುವನ್ನು ಹಾಲಿಗೆಂದೇ ಸಾಕುತ್ತಾರೆ. ನಮ್ಮ ದನ ಉಳುವುದಕ್ಕೂ, ಗೊಬ್ಬರಕ್ಕೂ, ಹಾಲಿಗೂ. ಆ ಮಾದರಿಯನ್ನು ಈ ನೆಲಕ್ಕೆ ತಂದರೆ ಉಳಿದ ಕೆಲಸಗಳೇನಾಗುತ್ತವೆ?

ಈ ಪ್ರಶ್ನೆ ಕರ್ನಾಟಕಕ್ಕೆ ಸರಿಯಾಗಿ ಅನ್ವಯಿಸುತ್ತದೆ. 1970ರ ದಶಕದ ನಡುವೆ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಆನಂದ್ ಮಾದರಿಯ ಸಂಘಗಳನ್ನು ಕಟ್ಟಲು ಶುರುಮಾಡಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ನಮ್ಮ ಕಡೆಯ ಹಾಲು ಇವತ್ತು ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿಯ ಡೇರಿಗೆ ಸೇರುತ್ತದೆ. ಅತ್ತ ಹೆಸರಘಟ್ಟದಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಕಟ್ಟಿದ ಕೇಂದ್ರದಲ್ಲಿ ಹೋರಿಗಳ ವೀರ್ಯವನ್ನು ಹೆಪ್ಪುಗಟ್ಟಿಸುವ ಕೆಲಸ ಬೆಳೆಯಿತು. ಪುಡಿಯ ಹಿಂದೆ ತಳಿಯೂ ಬಂತು. ನಮ್ಮ ಅಜ್ಜಿಯ ಕಾಲದ ಕೊಟ್ಟಿಗೆಯಲ್ಲಿದ್ದದ್ದು ಮಲೆನಾಡು ಗಿಡ್ಡ. ಮಳೆಗೆ ಹೆದರದ, ಕಾಡಲ್ಲಿ ಮೇಯ್ದು ತಾನೇ ಮನೆಗೆ ಬರುವ ಕುಳ್ಳ ದನ. ಹಾಲು ಚೊಂಬು ತುಂಬಿದರೆ ಹೆಚ್ಚು. ಚಿಕ್ಕಮ್ಮನ ಮಿಶ್ರತಳಿ ಹಸು ಕ್ಯಾನು ತುಂಬಿಸುತ್ತದೆ. ಆದರೆ ಅದಕ್ಕೆ ಹಿಂಡಿ ಬೇಕು, ಡಾಕ್ಟರು ಬೇಕು, ಫ್ಯಾನು ಬೇಕು. ಗಿಡ್ಡದ ಗಂಡುಕರು ನೇಗಿಲಿಗಾದರೂ ಬರುತ್ತಿತ್ತು. ಟಿಲ್ಲರು ಬಂದ ಮೇಲೆ ಮಿಶ್ರತಳಿಯ ಗಂಡುಕರುವಿಗೆ ಹೊಲದಲ್ಲೂ ಕೆಲಸವಿಲ್ಲ. ಯುರೋಪಿನ ಲೆಕ್ಕದಲ್ಲಿ ಅದು ಮಾಂಸದ ಕಡೆಯ ಅಂಕಿ. ಇಲ್ಲಿ, ಎಲ್ಲ ದನಗಳ ಹತ್ಯೆಯನ್ನು ನಿಷೇಧಿಸಿದ 2020ರ ರಾಜ್ಯ ಕಾಯ್ದೆಯ ನಂತರ, ಅದು ಯಾರೂ ಬಾಯಿಬಿಟ್ಟು ಹೇಳದ ಒಂದು ಪ್ರಶ್ನೆಯಾಗಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದೆ. ಹಾಲಿನ ನೀತಿಯನ್ನು ಹೊರಗಿನಿಂದ ತಂದಾಗ ಅದರ ಇನ್ನರ್ಧ ಲೆಕ್ಕವನ್ನು ನಾವು ಬಿಡಿಸಿರಲಿಲ್ಲ.

ಯುರೋಪಿನ ಕೃಷಿ ನೀತಿಯ ಬಗ್ಗೆ ಶಿವಮೊಗ್ಗದ ರೈತ ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಇಲ್ಲಿ ಹೇಳಬೇಕು. 1980ರಲ್ಲಿ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿ ಮುಂತಾದವರು ಕಟ್ಟಿದ ರೈತ ಸಂಘದ ಬೇರಿರುವುದು ಇದೇ ಜಿಲ್ಲೆಯಲ್ಲಿ. ಸಾಲ, ಲೆವಿ, ಬೆಂಬಲ ಬೆಲೆಗಳಿಂದ ಶುರುವಾದ ಆ ಹೋರಾಟ 1990ರ ದಶಕದಲ್ಲಿ ಡಂಕೆಲ್ ಪ್ರಸ್ತಾವದ ವಿರುದ್ಧ ತಿರುಗಿತು. ಗ್ಯಾಟ್ ಎಂಬ ಪದ ನಮ್ಮ ಸಂತೆಗಳಲ್ಲಿ ಕೇಳಿಸಿದ್ದು ಆಗಲೇ. 1999ರ ಬೇಸಿಗೆಯಲ್ಲಿ ನೂರಾರು ಭಾರತೀಯ ರೈತರು ಯುರೋಪಿಗೆ ಹೋದರು. ಅವರಲ್ಲಿ ಹಲವರು ಹಸಿರು ಶಾಲು ಹೊದ್ದ ನಮ್ಮವರು. ಬಸ್ಸುಗಳಲ್ಲಿ ದೇಶದಿಂದ ದೇಶಕ್ಕೆ ತಿರುಗಿ, ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವಿರುದ್ಧ ದನಿಯೆತ್ತಿ, ಜೂನಿನಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಸೇರಿದ್ದ ಕಲೋನ್ ನಗರ ತಲುಪಿದರು.

ಅದೇ ವರ್ಷ ಆಗಸ್ಟ್ 12ರಂದು ಫ್ರಾನ್ಸಿನ ಮಿಯೋ ಪಟ್ಟಣದಲ್ಲಿ ಜೋಸೆ ಬೊವೆ ಮತ್ತು ಸಂಗಡಿಗ ರೈತರು ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಬಿಚ್ಚಿಹಾಕಿದರು. ಕಾರಣ ಮತ್ತೆ ದನದ ಮಾಂಸವೇ. ಹಾರ್ಮೋನು ಕೊಟ್ಟು ಬೆಳೆಸಿದ ದನದ ಮಾಂಸ ಬೇಡವೆಂದು ಯುರೋಪು ಹಟ ಹಿಡಿದಿತ್ತು. ಸೇಡಿಗೆ ಅಮೆರಿಕ ಆ ಸೀಮೆಯ ಕುರಿಹಾಲಿನ ರೋಕ್‌ಫೋರ್ ಚೀಸಿನ ಮೇಲೆ ಶೇ. 100 ಸುಂಕ ಹಾಕಿತ್ತು. ದನದ ಜಗಳದಲ್ಲಿ ಕುರಿ ಸಾಕುವವರು ಸಿಕ್ಕಿಬಿದ್ದಿದ್ದರು. ಬೊವೆಯವರ ಸಂಘಟನೆಯೂ ನಮ್ಮ ರೈತ ಸಂಘವೂ ‘ವಿಯಾ ಕಂಪೆಸಿನಾ’ ಎಂಬ ಒಂದೇ ಜಾಗತಿಕ ಒಕ್ಕೂಟದಲ್ಲಿದ್ದವು. ಯುರೋಪಿನ ಸಬ್ಸಿಡಿಯಿಂದ ನೊಂದ ರೈತರೂ ಯುರೋಪಿನ ಸಣ್ಣ ರೈತರೂ ಒಂದೇ ಕಡೆ ನಿಂತದ್ದು ವಿಚಿತ್ರವೆನಿಸಬಹುದು. ಆದರೆ ಬೆಣ್ಣೆಯ ಬೆಟ್ಟ ಬೆಳೆದ ದಶಕಗಳಲ್ಲೇ ಯುರೋಪಿನ ಸಣ್ಣ ಕೊಟ್ಟಿಗೆಗಳೂ ಒಂದೊಂದಾಗಿ ಬಾಗಿಲು ಹಾಕಿದ್ದವು. ಸಬ್ಸಿಡಿಯ ದೊಡ್ಡ ಪಾಲು ದೊಡ್ಡವರಿಗೇ ಹೋಗಿತ್ತು.

ಆ ಹೊತ್ತಿಗೆ ನಮ್ಮ ಬಾಗಿಲಿಗೂ ಪರೀಕ್ಷೆ ಬಂದಿತ್ತು. ಗ್ಯಾಟ್ ಕಾಲದ ಹಳೆಯ ಮಾತಿನಂತೆ ಹಾಲಿನ ಪುಡಿಗೆ ಭಾರತ ಸುಂಕವನ್ನೇ ಹಾಕುವಂತಿರಲಿಲ್ಲ. ಆಮದಿನ ಪರವಾನಗಿ ಪದ್ಧತಿ ಸಡಿಲವಾದಾಗ ಯುರೋಪಿನ ಸಬ್ಸಿಡಿ ಪುಡಿಗೆ ದಾರಿ ತೆರೆಯಿತು. ಈ ಸಲ ಅದು ಕಾಲುವೆಯಲ್ಲಿ ಬರುವ ದಾನವಲ್ಲ, ಬದು ಒಡೆಯುವ ನೀರು. ಭಾರತ ಮರುಮಾತುಕತೆ ನಡೆಸಿ ಹೊಸ ಲೆಕ್ಕ ಪಡೆಯಿತು: ವರ್ಷಕ್ಕೆ 10,000 ಟನ್ ಪುಡಿಗೆ ಶೇ. 15 ಸುಂಕ, ಮೀರಿದರೆ ಶೇ. 60. ಅಂದರೆ ಅರ್ಜೆಂಟೀನಾದ ಮಾಂಸಕ್ಕೆ ಯುರೋಪು ಇಟ್ಟ ಕೋಟಾವನ್ನೇ ನಾವು ಯುರೋಪಿನ ಪುಡಿಗೆ ಇಟ್ಟೆವು. 2019ರ ನವೆಂಬರಿನಲ್ಲಿ ಭಾರತ ಆರ್‌ಸಿಇಪಿ ಒಪ್ಪಂದದಿಂದ ಹೊರಗುಳಿದಾಗಲೂ ನ್ಯೂಜಿಲೆಂಡಿನ ಹಾಲಿನ ಭಯವೇ ಒಂದು ದೊಡ್ಡ ಕಾರಣ. ಅತ್ತ 2024ರ ಡಿಸೆಂಬರಿನಲ್ಲಿ ಯುರೋಪು ದಕ್ಷಿಣ ಅಮೆರಿಕದ ಮರ್ಕೊಸುರ್ ದೇಶಗಳಿಂದ ಶೇ. 7.5ರ ಸುಂಕದಲ್ಲಿ 99,000 ಟನ್ ದನದ ಮಾಂಸ ತರಿಸಿಕೊಳ್ಳಲು ಒಪ್ಪಿದಾಗ ಅಲ್ಲಿಯ ರೈತರು ಟ್ರ್ಯಾಕ್ಟರು ಹತ್ತಿ ಬೀದಿಗಿಳಿದರು. ಆ ಚಿತ್ರಗಳನ್ನು ನೋಡುವಾಗ ನನಗೆ ಅವರು ಪರಕೀಯರೆನಿಸಲಿಲ್ಲ.

ಕೋಡಿ ಬೀಳುವುದು ಯುರೋಪಿನ ಕೆರೆಗೆ ಮಾತ್ರವಲ್ಲ. ಶಿಕಾರಿಪುರದ ಶಾಸಕರೇ ಮುಖ್ಯಮಂತ್ರಿಯಾಗಿದ್ದ 2008ರಲ್ಲಿ ಕರ್ನಾಟಕ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರುಮಾಡಿತು. ಬೇರೆ ಬೇರೆ ಸರ್ಕಾರಗಳಲ್ಲಿ ಏರಿ 2016ರ ಹೊತ್ತಿಗೆ ಅದು 5 ರೂಪಾಯಿಯಾಯಿತು. ಹಾಲು ಹೆಚ್ಚಿತು. ಮಾರಾಟವಾಗದ್ದು ಪುಡಿಯಾಗಿ ಗೋದಾಮು ಸೇರಿತು. 2013ರ ಆಗಸ್ಟಿನಲ್ಲಿ ‘ಕ್ಷೀರಭಾಗ್ಯ’ ಬಂದಾಗ ನಾನು ಹತ್ತನೇ ತರಗತಿಯಲ್ಲಿದ್ದೆ. ಬಿಸಿಯೂಟದ ಅಕ್ಕಂದಿರು ದೊಡ್ಡ ಪಾತ್ರೆಯಲ್ಲಿ ಬಿಸಿನೀರಿಗೆ ಪುಡಿ ಸುರಿದು ಗಂಟು ಒಡೆಯುವಂತೆ ತಿರುವುತ್ತಿದ್ದರು. ಮನೆಯ ಹಾಲು ಕುಡಿದು ಬೆಳೆದ ನಾನು ಮೂಗು ಮುರಿದಿದ್ದೆ. ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಎರಡನೇ ಲೋಟಕ್ಕೆ ನಿಲ್ಲುತ್ತಿದ್ದಳು. ಅವರ ಮನೆಯಲ್ಲೂ ಒಂದು ಹಸುವಿತ್ತು. ಅದರ ಹಾಲೆಲ್ಲ ಡೇರಿಗೆ ಹೋಗುತ್ತಿತ್ತು. ಹಳ್ಳಿಯ ಮಕ್ಕಳ ಬಾಯಿಯ ಹಾಲಿನ ಬಗ್ಗೆ 1983ರಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಆ ಲೋಟದಲ್ಲಿತ್ತು ಎಂದು ಈಗ ಹೊಳೆಯುತ್ತದೆ. ಯುರೋಪು ತನ್ನ ಹೆಚ್ಚುವರಿಯನ್ನು ದಶಕಗಳ ಕಾಲ ಸಬ್ಸಿಡಿ ಕೊಟ್ಟು ಪರದೇಶದ ಸಂತೆಗೆ ಸುರಿಯಿತು. ನಾವು ನಮ್ಮದರಲ್ಲಿ ಸ್ವಲ್ಪವನ್ನಾದರೂ ನಮ್ಮದೇ ಶಾಲೆಯ ಲೋಟಕ್ಕೆ ಸುರಿದೆವು.

ಮುಕ್ತ ವ್ಯಾಪಾರ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ನಾವು ಬಾಗಿಲು ತೆರೆಯಬೇಕೋ ಮುಚ್ಚಬೇಕೋ ಎಂದಷ್ಟೇ ಕೇಳುತ್ತೇವೆ. ಕೆರೆಯ ಕೆಳಗೆ ಬದುಕುವವರು ಹಾಗೆ ಕೇಳುವುದಿಲ್ಲ. ತೂಬು ತೆರೆಯಲೂ ಬೇಕು, ಮುಚ್ಚಲೂ ಬೇಕು. ಅವರು ಕೇಳುವುದು ನೀರಗಂಟಿ ಯಾರು, ಅವನು ಯಾರ ಮಾತು ಕೇಳುತ್ತಾನೆ ಎಂದು. 1970ರ ಪುಡಿ ನಮ್ಮನ್ನು ಮುಳುಗಿಸದೆ ಇದ್ದದ್ದು ತೂಬಿನ ಬೆಲೆಯನ್ನು ಇಲ್ಲಿಯವರು ಗೊತ್ತುಮಾಡಿದ್ದರಿಂದ. ಬೋಟ್ಸ್ವಾನಾದ ದನಗಾಹಿಗೆ ಆ ಅಧಿಕಾರ ಇರಲಿಲ್ಲ. ಗಂಡುಕರುವಿನ ವಿಷಯದಲ್ಲಿ ನಾವೂ ಇನ್ನೂ ನೀರಗಂಟಿಯಾಗಿಲ್ಲ.

ಇಷ್ಟನ್ನೂ ಚಿಕ್ಕಪ್ಪನಿಗೆ ಮೊನ್ನೆ ಫೋನಿನಲ್ಲಿ, ಒಂದಿಷ್ಟು ಕಡಿಮೆ ಮಾಡಿ ಹೇಳಿದೆ. ಕೇಳಿಸಿಕೊಂಡು, “ಹಂಗಾದ್ರೆ ಸಂಬಂಧ ಐತೆ ಅನ್ನು,” ಎಂದರು. ಕರು ಏನಾಯಿತೆಂದು ಕೇಳಿದೆ. “ಇಟ್ಕಂಡೀವಿ. ಹುಲ್ಲು ಇರೋ ಗಂಟ ಇರ್ಲಿ ಅಂತ ನಿಮ್ಮ ಚಿಕ್ಕಮ್ಮ ಅಂದ್ಲು.” ಆಮೇಲೆ ಡೇರಿಯ ಹೊತ್ತಾಯಿತೆಂದು ಫೋನಿಟ್ಟರು.